ಎರಡೂ ಸಲ ಹೌದೆಂದವಳು

ಮಹಾಂತೇಶ, ನಿನ್ನ ಬೆರಳು ತಪ್ಪು ಮಾಡಿರಲಿಲ್ಲ. ಟೀವಿಯ ಆ ಆಟದಲ್ಲಿ ಎಂಟು ತಿಂಗಳು ಸತ್ತು ಸತ್ತು ನೀನು ಬೆಳೆಸಿದ ಯೋಧನನ್ನು ಅಳಿಸಿದವಳು ನಾನು — ನಿನ್ನ ಅತ್ತಿಗೆ. ಅಳಿಸಿದ್ದಷ್ಟೇ ಆಗಿದ್ದರೆ ಒಂದು ದಿನ ಬೈದು, ಇನ್ನೊಂದು ದಿನ ನಕ್ಕು ಮರೆಯಬಹುದಿತ್ತೇನೋ. ಆದರೆ ನೀನು ನಿನ್ನ ಕೈಯನ್ನೇ ಅನುಮಾನಿಸಿ ನನ್ನ ಮುಖ ನೋಡಿದಾಗ ನಾನು "ಇರಬೌದು" ಎಂದೆ. ಆ ಒಂದು ಮಾತು — ಮೂರು ವರ್ಷದಿಂದ ನನಗದು ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ.

ಈ ಕಾಗದವನ್ನು ನಿನ್ನ ಹೆತ್ತ ಯವ್ವನಿಗೂ ನಿಮ್ಮಣ್ಣನಿಗೂ ಓದಿ ಹೇಳಿಯೇ ನಿನ್ನ ಕೈಗೆ ಕೊಡುತ್ತೇನೆ. ಅವರಿಗೆ ಆಟ ತಿಳಿಯದು. ಅದಕ್ಕೆ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ.

ಮಾನ್ವಿಯ ನಮ್ಮ ಅಕ್ಕಿ ಗಿರಣಿಗೆ ಭತ್ತದ ಚೀಲ ಬಂದರೆ ಮೊದಲು ನಿನ್ನನ್ನು ಕರೆಯುತ್ತಿದ್ದರು. ನಾಲ್ಕು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಇದರಲ್ಲಿ ಎಷ್ಟು ನುಚ್ಚಾಗುತ್ತದೆ ಎಂದು ನಿಂತಲ್ಲೇ ಹೇಳಿಬಿಡುತ್ತಿದ್ದೆ. ಬಲಗೈಯ ಆ ತೋರುಬೆರಳನ್ನೂ ಅದರ ಪಕ್ಕದ ನಡುಬೆರಳನ್ನೂ ಗಿರಣಿಯ ಬೆಲ್ಟು ತೆಗೆದುಕೊಂಡಿತು. ಉಳಿದೆರಡು ಬೆರಳು ಸೆಟೆದುಕೊಂಡವು, ಮುಟ್ಟಿದರೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೊದಲ ಸೋಮವಾರ ನೀನು ದೇವರ ಜಗಲಿಯ ಮುಂದೆ ಕೂತು ಹಣೆಗೆ ವಿಭೂತಿ ಎಳೆಯಲು ಹೋದೆ. ಮೂರೆಳೆಗೆ ಮೂರು ಬೆರಳು ಬೇಕು. ಒಂದೇ ಎಳೆ ಮೂಡಿತು, ಅದೂ ಸೊಟ್ಟ. ಯವ್ವ ತನ್ನ ಕೈಯಿಂದ ಎಳೆಯಲು ಬಂದರೆ ತಲೆ ಹಿಂದಕ್ಕೆ ತೆಗೆದುಕೊಂಡೆ. ಅಂದಿನಿಂದ ನಿನ್ನ ಹಣೆ ಖಾಲಿ. ಯವ್ವ ನಿನಗಾಗಿ ಮಠದವರೆಗೆ ನೆಲಕ್ಕೆ ಉದ್ದಕ್ಕೆ ಬಿದ್ದು ಎದ್ದು ದೀಡ ನಮಸ್ಕಾರ ಹಾಕಿ, ಮೊಣಕಾಲು ಸುಲಿದುಕೊಂಡು ಬಂದರು. ನೀನು ಅದನ್ನೂ ನೋಡಲಿಲ್ಲ.

ರಾಯಚೂರಿನಿಂದ ಆ ಆಟದ ಪೆಟ್ಟಿಗೆ ತಂದದ್ದು ಆಮೇಲೆ. ಡಾಕ್ಟರು ಹಿಚುಕಲು ಕೊಟ್ಟ ರಬ್ಬರ್ ಚೆಂಡು ಮೂಲೆಗೆ ಬಿತ್ತು, ನೀನು ಬೆಳಗಿನಿಂದ ಸಂಜೆಯವರೆಗೆ ಟೀವಿಯ ಮುಂದೆ ಕೂತು ಸಾಯತೊಡಗಿದೆ. ಹೌದು, ಸಾಯುವುದೇ ಆಟ ಎಂದು ನಾನು ತಿಳಿದಿದ್ದೆ. ಕತ್ತಿ ಹಿಡಿದ ನಿನ್ನ ಮನುಷ್ಯ ನಾಲ್ಕು ಹೆಜ್ಜೆ ಹೋಗುವುದು, ಯಾವುದೋ ಅಸ್ಥಿಪಂಜರ ಎದ್ದು ಒಂದೇ ಏಟಿಗೆ ಕೆಡವುವುದು, ಗಳಿಸಿದ್ದನ್ನೆಲ್ಲ ಅಲ್ಲೇ ಚೆಲ್ಲಿ ಮತ್ತೆ ಮೊದಲಿನ ಬೆಂಕಿಯ ಹತ್ತಿರ ಏಳುವುದು. ನಡುವೆ ನಿಲ್ಲಿಸಿ ಉಸಿರು ಬಿಡಲೂ ಆಟ ಬಿಡದು. ನಾನು ಮಸರಕಲ್ಲಿನವಳು, ಬಾಯಿ ಸುಮ್ಮನಿರುವುದಿಲ್ಲ. ಚಹಾ ಇಡುತ್ತಾ ಅಂದೆ:

"ಹೊಡಿಸ್ಕೊಳ್ಳಾಕ ರೊಕ್ಕ ಕೊಟ್ಟು ತಂದಿಯೇನಪ್ಪ? ನಮ್ಮೂರಾಗಾದ್ರ ಪುಕ್ಕಟ ಹೊಡಿತಿದ್ರು."

ಬೆಲ್ಟಿನ ಘಟನೆಯ ನಂತರ ನೀನು ನಕ್ಕದ್ದು ಅದೇ ಮೊದಲು. "ನೀನೂ ಒಂದಾಟ ಹೊಡಿಸ್ಕೊಂಡು ನೋಡು ಅತ್ತಿಗಿ," ಎಂದು ರಿಮೋಟು ನನ್ನ ಕೈಗೆ ಕೊಟ್ಟೆ. ನನ್ನ ಹೆಸರಿನಲ್ಲೇ ಬೇರೊಬ್ಬ ಯೋಧೆಯನ್ನು ಮಾಡಿಕೊಟ್ಟೆ.

ಮೊದಲ ವಾರ ನನಗೆ ಆ ಆಟದ ಮೇಲೆ ಸಿಟ್ಟು, ನಿನ್ನ ಮೇಲೆ ಸಿಟ್ಟು, ನನ್ನ ಹೆಬ್ಬೆರಳಿನ ಮೇಲೂ ಸಿಟ್ಟು. ಎದುರಿನವನು ಕೈ ಎತ್ತಿದರೆ ಸಾಕು, ಇದ್ದಬದ್ದ ಗುಂಡಿಯೆಲ್ಲ ಒತ್ತುತ್ತಿದ್ದೆ. ಆಗ ನೀನು ಹೇಳಿದ ಮಾತು ನೆನಪಿದೆಯೇ?

"ಹೊಡಿಯಾಕ ಹೋಗಬ್ಯಾಡ. ಮದ್ಲು ನೋಡು. ಅಂವ ಕೈ ಎತ್ತಿದ ಕೂಡ್ಲೆ ಓಡಬ್ಯಾಡ, ಅವನ ಕಡೀಗೇ ಉಳ್ಳು."

ಹೊಡೆಯಲು ಬರುವವನ ಕಡೆಗೇ ಉರುಳುವುದು — ಯಾವ ಬುದ್ಧಿಯುಳ್ಳವರು ಹಾಗೆ ಮಾಡುತ್ತಾರೆ? ಆದರೂ ಮಾಡಿದೆ. ಸತ್ತೆ. ಮತ್ತೆ ಮಾಡಿದೆ. ಹಂಚಿನ ಮೇಲಿನ ರೊಟ್ಟಿಯನ್ನು ಯಾವಾಗ ತಿರುವಬೇಕು ಎಂಬುದನ್ನು ಯಾರೂ ಬಾಯಲ್ಲಿ ಕಲಿಸಲಾರರು, ಹತ್ತು ರೊಟ್ಟಿ ಸುಟ್ಟ ಮೇಲೆ ಕೈಗೇ ತಿಳಿಯುತ್ತದೆ. ಹಾಗೆಯೇ ಒಂದು ಮಧ್ಯಾಹ್ನ ಕತ್ತಿ ನನ್ನ ತಲೆಯ ಮೇಲಿಂದ ಹಾದುಹೋಯಿತು, ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ಒಂದು ಏಟು ಹಾಕಿದೆ, ಆಸೆಗೆ ಬಿದ್ದು ಇನ್ನೊಂದು ಹಾಕಲು ಹೋಗಿ ಸತ್ತೆ. ಸತ್ತು, ನಕ್ಕೆ. ಅಂದಿನಿಂದ ನನಗೆ ಆ ಕಾದಾಟ ರುಚಿಸಿತು. ಭಯ ಹೋಗಲಿಲ್ಲ, ಭಯದೊಳಗೇ ನಿಲ್ಲಲು ಒಂದಿಷ್ಟು ಜಾಗ ಸಿಕ್ಕಿತು. ಈ ಮನೆಯಲ್ಲಿ ನಾನು ಮಾಡುವ ಯಾವ ಕೆಲಸವೂ ಉಳಿಯುವುದಿಲ್ಲ ಮಹಾಂತೇಶ — ರೊಟ್ಟಿ ತಿಂದರೆ ಮುಗಿಯುತ್ತದೆ, ತೊಳೆದ ಪಾತ್ರೆ ಮತ್ತೆ ಮುಸುರೆಯಾಗುತ್ತದೆ. ಅಲ್ಲಿ ಮಾತ್ರ ನಿನ್ನೆ ಕಲಿತದ್ದು ಇವತ್ತೂ ನನ್ನ ಕೈಯಲ್ಲಿರುತ್ತಿತ್ತು. ಇದನ್ನು ಹೇಳಲು ನಾಚಿಕೆಯಿಲ್ಲ. ನಾಚಿಕೆ ಇರುವುದು ಮುಂದಿನದಕ್ಕೆ.

ನೀನು ಆಗ ಒಂದು ಸೇತುವೆಯ ಮೇಲೆ ಸಿಕ್ಕಿಬಿದ್ದಿದ್ದೆ. ಕಬ್ಬಿಣದ ಮುಖವಾಡ, ಆಳುದ್ದದ ಕೊಡಲಿ. ಯಾರನ್ನೂ ದಾಟಲು ಬಿಡದ ಅವನಿಗೆ ನಾವು ಕೊತ್ವಾಲ ಎಂದು ಹೆಸರಿಟ್ಟಿದ್ದೆವು. ಹೊಡೆಯುವ ಗುಂಡಿ ತೋರುಬೆರಳಿನ ಜಾಗದಲ್ಲಿರುತ್ತದೆ. ನೀನು ರಿಮೋಟನ್ನು ಓರೆಯಾಗಿ ಹಿಡಿದು ಆ ಸೆಟೆದ ಉಂಗುರಬೆರಳಿನಿಂದ ಒತ್ತುತ್ತಿದ್ದೆ. ಮೊದಲು ಹತ್ತರಲ್ಲಿ ಒಂದು ಸಲ ಒತ್ತುತ್ತಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಬೆರಳು ಬಾಗಿ ಬರುತ್ತಿತ್ತು, ನಾನೇ ಕಣ್ಣಾರೆ ನೋಡಿದ್ದೇನೆ. ಹೊಡೆದಷ್ಟೂ ಕುಗ್ಗುವ ಕೊತ್ವಾಲನ ಪ್ರಾಣದ ಗೆರೆಯನ್ನು ನೀನು ಕಾಲು ಭಾಗಕ್ಕೆ ಇಳಿಸಿದ ದಿನ ಯವ್ವನನ್ನೂ ನಿಮ್ಮಣ್ಣನನ್ನೂ ಕರೆದು, ಜಗಲಿಯ ಮುಂದೆ ನಿಂತು ಹೇಳಿದೆ: "ಇವನ್ನ ಈ ಕೈಲೆ ಕೆಡವಿದ ದಿನ ಈ ಕೈಲೇ ಇಬತ್ತಿ ಹಚ್ಕೊಂಡು ಗಿರಣಿಗಿ ಬರ್ತೀನಿ." ಯವ್ವನಿಗೆ ಕೊತ್ವಾಲ ಯಾರೆಂದು ತಿಳಿಯಲಿಲ್ಲ. ಆದರೂ ಜಗಲಿಗೆ ಕೈ ಮುಗಿದು ಅತ್ತರು.

ಆ ಗುರುವಾರ ನಿನಗೆ ಹೆಣ್ಣು ನೋಡಲು ಮೂವರೂ ಕಲ್ಲೂರಿಗೆ ಹೋದಿರಿ. ಗಿರಣಿಯ ಆಳುಗಳಿಗೆ ಬುತ್ತಿ ಕಳಿಸಬೇಕಿತ್ತು, ನಾನು ಉಳಿದೆ. ಬುತ್ತಿ ಕಳಿಸಿ ಟೀವಿ ಹಚ್ಚಿದೆ. ನನ್ನ ಯೋಧೆ ಇನ್ನೂ ಸೇತುವೆಗಿಂತ ಬಹಳ ಹಿಂದಿದ್ದಳು. ನಿನ್ನವನು ಮಾತ್ರ ಅಲ್ಲಿ ನಿಂತಿದ್ದ.

ಒಂದೇ ಸಲ, ಸುಮ್ಮನೆ, ಕೊತ್ವಾಲನ ಎದುರು ನಿಂತು ನೋಡೋಣ ಎಂದುಕೊಂಡೆ. ಸಾಯುತ್ತೇನೆ, ಅಷ್ಟೇ ತಾನೆ. ಚೆಲ್ಲಿದ್ದನ್ನು ಮತ್ತೆ ಗಳಿಸಬಹುದು, ಸತ್ತರೆ ನಿನಗೇನೂ ನಷ್ಟವಿಲ್ಲ. ಸತ್ತೆ, ಏಳು ಸಲ ಸತ್ತೆ. ಎಂಟನೆಯ ಸಲ — ಅವನ ಗೆರೆ ಅರ್ಧಕ್ಕಿಳಿಯಿತು, ಕಾಲಿಗಿಳಿಯಿತು, ಇನ್ನೂ ಇಳಿಯಿತು. ಅಲ್ಲಿಗೆ ಕೈ ಬಿಡಬೇಕಿತ್ತು. ರಿಮೋಟು ಕೆಳಗಿಟ್ಟಿದ್ದರೆ ಅವನೇ ನನ್ನನ್ನು ಕೊಲ್ಲುತ್ತಿದ್ದ, ಎಲ್ಲವೂ ಮೊದಲಿನಂತಿರುತ್ತಿತ್ತು. ಆಗ ನನ್ನ ಮನಸ್ಸು ಏನು ಹೇಳಿತು ಗೊತ್ತೇ? ತಾಯಿ ಮಗನ ಪರವಾಗಿ ದೀಡ ನಮಸ್ಕಾರ ಹಾಕುವುದಿಲ್ಲವೇ? ಮನೆಯ ಒಬ್ಬರ ಹರಕೆ ಇನ್ನೊಬ್ಬರು ತೀರಿಸಿದರೆ ದೇವರು ಬೇಡವೆನ್ನುತ್ತಾನೆಯೇ? ಇದೂ ಹಾಗೆಯೇ, ನಾನು ಅವನ ಹರಕೆ ತೀರಿಸುತ್ತಿದ್ದೇನೆ — ಹೀಗೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಹೊತ್ತಿನಲ್ಲಿ ನೀನು ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಕೊಡಲಿ ಮೇಲೆದ್ದಿತು, ಒಂದು, ಎರಡು ಎಣಿಸಿ ಅವನ ಕಡೆಗೇ ಉರುಳಿದೆ, ಎದ್ದೆ, ಹೊಡೆದೆ. ಕೊತ್ವಾಲ ಮೊಣಕಾಲೂರಿ ಬಿದ್ದ. ನನ್ನ ಜೀವನದಲ್ಲಿ ಅಷ್ಟು ಸಂತೋಷ ನಾನು ಕಂಡಿಲ್ಲ. ಒಬ್ಬಳೇ ಎದ್ದು ನಿಂತು ಚಪ್ಪಾಳೆ ಹೊಡೆದೆ.

ಚಪ್ಪಾಳೆಯ ಕೈ ಹಾಗೇ ನಿಂತಿತು. ಸೇತುವೆ ಖಾಲಿಯಾಗಿತ್ತು.

ಆ ಆಟ ಆದದ್ದನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುತ್ತದೆ, ಹಿಂದಕ್ಕೆ ಹೋಗಲು ಬಿಡುವುದಿಲ್ಲ. ಸತ್ತ ಕೊತ್ವಾಲ ನಿನ್ನ ಪಾಲಿಗೂ ಸತ್ತ. ಬಂದ್ ಮಾಡಿ ಹಚ್ಚಿದೆ, ಮತ್ತೆ ಬಂದ್ ಮಾಡಿ ಹಚ್ಚಿದೆ — ಅವನಿಲ್ಲ. ಅಷ್ಟರಲ್ಲಿ ಹೊರಗೆ ನಿಮ್ಮ ಕಾರಿನ ಹಾರ್ನು ಕೇಳಿಸಿತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಖಾಲಿ ಸೇತುವೆ ನೋಡಿದರೆ ನಾನೇ ಎಂದು ನಿನಗೆ ತಿಳಿಯುತ್ತದೆ, ಪೂರ್ತಿ ಯೋಧನೇ ಇಲ್ಲವಾದರೆ ಯಂತ್ರ ಕೆಟ್ಟಿತು ಎಂದುಕೊಳ್ಳುತ್ತೀ — ಅಷ್ಟೇ ಹೊಳೆದದ್ದು. ಅಳಿಸಲೇ ಎಂದು ಆಟ ಕೇಳಿತು. ಹೌದು ಎಂದೆ. ನಿಜವಾಗಿಯೂ ಅಳಿಸಲೇ ಎಂದು ಇನ್ನೊಮ್ಮೆ ಕೇಳಿತು. ಆಗಲೂ ಹೌದೆಂದೆ.

ನೀನು ಅಂದು ನಗುತ್ತಾ ಒಳಗೆ ಬಂದೆ. ಕಲ್ಲೂರಿನ ಹುಡುಗಿ ನಿನ್ನ ಕೈಯನ್ನು ನೇರವಾಗಿ ನೋಡಿ, ನೋಯುತ್ತದೆಯೇ ಎಂದು ಕೇಳಿದಳಂತೆ. ಒಪ್ಪಿದಳಂತೆ. "ಇವತ್ತ ಕೊತ್ವಾಲನ ಕತಿ ಮುಗಿಸೇಬಿಡ್ತೀನಿ ಅತ್ತಿಗಿ," ಎಂದು ಅಂಗಿಯನ್ನೂ ಬದಲಿಸದೆ ಕೂತೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಯೋಧರ ಪಟ್ಟಿಯಲ್ಲಿ ನನ್ನ ಹೆಸರೊಂದೇ ಇತ್ತು. ಆಮೇಲೆ ನೀನು ಯಂತ್ರವನ್ನು ನೋಡಲಿಲ್ಲ, ನಿನ್ನ ಬಲಗೈ ನೋಡಿಕೊಂಡೆ.

"ಮುಂಜಾನಿ ಗಡಬಡಿಯೊಳಗ ಬಂದ್ ಮಾಡಿ ಹೋಗಿದ್ದೆ. ಎರಡು ಸಲ ಕೇಳ್ತದ ಅದು. ಎರಡೂ ಸಲ ಈ ಬೆರಳು ಹೌದು ಅಂದದ, ನನಗ ಗೊತ್ತೇ ಆಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದೆ. "ಹಂಗಾಗಿರಬೌದಾ ಅತ್ತಿಗಿ?"

ನೀನು ಇಲ್ಲ ಎನ್ನಿಸಿಕೊಳ್ಳಲು ಕೇಳಿದ್ದೆ. ಮಗು ಕೇಳುವ ಹಾಗೆ ಕೇಳಿದ್ದೆ.

"ಇರಬೌದು," ಎಂದೆ.

"ಹಂಗಾದ್ರ ಈ ಕೈ ಇನ್ನ ನಂದಲ್ಲ ಬಿಡು," ಎಂದು ಅದನ್ನು ಕಿಸೆಯೊಳಗೆ ಇಟ್ಟೆ. ಹೋದ ವಾರದವರೆಗೆ ಮತ್ತೆ ಹೊರಗೆ ತೆಗೆದದ್ದನ್ನು ನಾನು ಕಾಣಲಿಲ್ಲ. ಕಲ್ಲೂರಿಗೆ ಬೇಡವೆಂದು ಹೇಳಿ ಕಳಿಸಿದೆ. ನನಗೇ ತಿಳಿಯದಂತೆ ಕೆಲಸ ಮಾಡುವ ಕೈಯಿಂದ ತಾಳಿ ಹೇಗೆ ಕಟ್ಟಲಿ ಎಂದೆಯಂತೆ, ನಿಮ್ಮಣ್ಣ ಹೇಳಿದರು. ಗಿರಣಿಗೆ ಹೋಗಲಿಲ್ಲ. ರಾಯಚೂರಿನಲ್ಲಿ ಕೋಣೆ ಹಿಡಿದು, ಬೀಜದಂಗಡಿಯಲ್ಲಿ ಎಡಗೈಯಲ್ಲಿ ಬರೆಯುವ ಕೆಲಸಕ್ಕೆ ನಿಂತೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ನೀನು ಉಂಡೆ.

ಹೇಳಬೇಕೆಂದು ಎಷ್ಟು ಸಲ — ಇರಲಿ, ಎಷ್ಟು ಸಲ ಅಂದುಕೊಂಡರೇನು, ಹೇಳಲಿಲ್ಲ. ಇನ್ನೂ ಒಂದು ಇದೆ. ನೀನು ಬಿಟ್ಟುಹೋದ ಪೆಟ್ಟಿಗೆಯಲ್ಲಿ ನಾನು ಆಡುತ್ತಲೇ ಇದ್ದೆ. ಬಿಡಲಾಗಲಿಲ್ಲ. ನನ್ನ ಯೋಧೆಯೂ ಸೇತುವೆಗೆ ಬಂದಳು. ಅವಳನ್ನು ಅಲ್ಲೇ ನಿಲ್ಲಿಸಿದೆ, ಅವಳ ಆಟದಲ್ಲಿ ಇನ್ನೂ ಬದುಕಿದ್ದ ಕೊತ್ವಾಲನನ್ನು ಮುಟ್ಟಲಿಲ್ಲ. ಅದನ್ನೇ ದೊಡ್ಡ ಪ್ರಾಯಶ್ಚಿತ್ತವೆಂದುಕೊಂಡು ಮೂರು ವರ್ಷ ತಳ್ಳಿದೆ.

ಹೋದ ವಾರ ರಾಯಚೂರಿನ ಡಾಕ್ಟರ ಹತ್ತಿರ ನಿನ್ನ ಜೊತೆ ಬಂದವಳೂ ನಾನೇ. ಅವರು ನಿನ್ನ ಉಂಗುರಬೆರಳನ್ನು ಹಿಡಿದು ಬಗ್ಗಿಸಲು ನೋಡಿದರು, ಅದು ಅಲುಗಲಿಲ್ಲ. ಆಡಿಸುವುದನ್ನು ಯಾವಾಗ ಬಿಟ್ಟಿರಿ ಎಂದು ಕೇಳಿದರು. ನೀನು ಹೇಳಿದೆ. ನೀನು ಹೇಳಿದ್ದು ಕಲ್ಲೂರಿಗೆ ಹೋಗಿಬಂದ ಆ ದಿನ.

"ಆವಾಗ ಇನ್ನೊಂದಾರು ತಿಂಗಳು ಬಿಡದಂಗ ಆಡಿಸಿದ್ರ ಬೆರಳು ಬಾಗತಿದ್ವು," ಎಂದರು ಡಾಕ್ಟರು. "ಈಗ ಆಗಲ್ರಿ."

ನೀನು ತಲೆಯಾಡಿಸಿದೆ. ನಾನು ಪಕ್ಕದ ಕುರ್ಚಿಯಲ್ಲಿ ಕೂತು ನಿನ್ನ ಚೀಟಿಗಳನ್ನು ಮಡಚುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಆ ಕುರ್ಚಿಯಲ್ಲಿ ಸುಮ್ಮನಿದ್ದದ್ದಕ್ಕೆ ಗಾಬರಿಯೂ ಕಾರಣವಲ್ಲ, ಹಾರ್ನೂ ಕಾರಣವಲ್ಲ.

ಇಂದು ಮಧ್ಯಾಹ್ನ ಇದನ್ನು ಇಲ್ಲಿಯವರೆಗೆ ಓದಿದೆ. ನಿಮ್ಮಣ್ಣ ಎದ್ದು ಗಿರಣಿಗೆ ಹೋದರು. ಯವ್ವ ಕಣ್ಣು ಮುಚ್ಚಿ ಕೇಳಿದರು. "ನನಗ್ಯಾಕ ಓದಿ ಹೇಳ್ತಿ ಯವ್ವಾ," ಎಂದರು, "ಕೈ ಕಳಕೊಂಡಾಂವ ಅಲ್ಲಿದಾನ, ಅವನ ಮುಂದ ಹೇಳು ಹೋಗು."

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಲು ನನಗೆ ಮುಖವಿಲ್ಲ. ಬಾಗಿಲಲ್ಲಿ ಇದನ್ನು ಕೊಟ್ಟು, ನೀನು ಓದಿ ಮುಗಿಸುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬೈಯಬೇಕೆನಿಸಿದರೆ ನಾನಲ್ಲಿರಬೇಕು. ಬಾಗಿಲು ತೆರೆಯಲು ಮನಸ್ಸಾಗದಿದ್ದರೆ ಸಂಜೆಯ ಬಸ್ಸಿಗೆ ಹಿಂತಿರುಗುತ್ತೇನೆ. ಕಲ್ಲೂರಿನವರಿಗೂ ನಿಜ ಹೇಳಬೇಕೆಂದರೆ ನಾನೇ ಹೋಗಿ ಹೇಳುತ್ತೇನೆ, ಆ ಹುಡುಗಿಗೆ ಈಗ ಮದುವೆಯಾಗಿದ್ದರೂ.

ಒಂದು ಮಾತು ನಿನಗೆ ತಿಳಿದಿರಬೇಕು. ಡಾಕ್ಟರ ಹತ್ತಿರದಿಂದ ಬಂದ ದಿನದಿಂದ ನಾನು ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಹಳೆ ಸೀರೆಯ ಚೂರಿನಿಂದ ಬಿಗಿದು ಕಟ್ಟಿಕೊಂಡು ಕೊತ್ವಾಲನ ಎದುರು ನಿಲ್ಲುತ್ತಿದ್ದೇನೆ. ನಿನ್ನ ಹಾಗೆ ಓರೆಯಾಗಿ ಹಿಡಿದು, ಉಂಗುರಬೆರಳಿನಿಂದ ಒತ್ತಿ. ನನ್ನ ಉಂಗುರಬೆರಳಿಗೆ ಏನೂ ಆಗಿಲ್ಲ, ಅದು ಚೆನ್ನಾಗಿ ಬಾಗುತ್ತದೆ. ಆದರೂ ಏಳು ದಿನದಲ್ಲಿ ಒಮ್ಮೆಯೂ ಅವನ ಪ್ರಾಣವನ್ನು ಅರ್ಧಕ್ಕಿಳಿಸಲು ನನ್ನಿಂದ ಆಗಿಲ್ಲ.

ನೀನು ಕಾಲು ಭಾಗಕ್ಕೆ ಇಳಿಸಿದ್ದೆ ಮಹಾಂತೇಶ. ಆ ಕೈಯಿಂದಲೇ ಇಳಿಸಿದ್ದೆ. ಅದು ನಿನ್ನದೇ ಕೈಯಾಗಿತ್ತು.