ಡಾಕಪ್ಪನ ಬೆಳ್ಳಿ ಪದಕ

ರಾಣೆಬೆನ್ನೂರಿನಿಂದ ಗುತ್ತಲಕ್ಕೆ ಬಸ್ಸು ಓಡಿಸುತ್ತಿದ್ದ ಡಾಕಪ್ಪನಿಗೆ, ವರ್ಷಗಟ್ಟಲೆ ಅಪಘಾತವಿಲ್ಲದೆ ಓಡಿಸಿದ್ದಕ್ಕೆ ಬೆಳ್ಳಿ ಪದಕ ಬರುತ್ತದೆಂದು ಡಿಪೋದವರು ಹೇಳಿದರು. 2005ರ ಗಣರಾಜ್ಯೋತ್ಸವದಂದು ಹಾವೇರಿಯಲ್ಲಿ ಸಮಾರಂಭ. ಹೆಂಡತಿ ಉಡಚವ್ವ ಬ್ಯಾಡಗಿಯ ತವರಿಗೆ ಫೋನು ಮಾಡಿ ಎಲ್ಲರನ್ನೂ ಕರೆದಳು. ಖಾಕಿ ಅಂಗಿಯ ಮೇಲೆ ಪದಕ ಎಲ್ಲಿ ಬರುತ್ತದೆಂದು ಬೆರಳಿಟ್ಟು ನೋಡಿದಳು.

ಅಂದಿನಿಂದ ಡಾಕಪ್ಪನ ನೆಮ್ಮದಿ ಹೋಯಿತು. ಗುನುಗುತ್ತ ಓಡಿಸುತ್ತಿದ್ದವನಿಗೆ ಎದುರು ಬರುವ ಸೈಕಲ್ಲೂ ಪದಕ ಕಸಿಯಲು ಬಂದಂತೆ ಕಾಣತೊಡಗಿತು. ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರ್ ಕಂಡರೆ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿಯೇ ಬಿಡುತ್ತಿದ್ದ.

"ಏನ್ರಿ, ಸಂತಿ ಮುಗದ ಮ್ಯಾಲ ಗುತ್ತಲಾ ಮುಟ್ಟಸ್ತೀರೇನು?" ಎಂದು ಜನ ಗೊಣಗುತ್ತಿದ್ದರು.

ಸಮಾರಂಭ ಹತ್ತಿರವಾದಾಗ ಒಂದು ದಿನ ಗುತ್ತಲದ ಹೊರಗೆ ನಾಯಿಯೊಂದು ಅಡ್ಡ ಬಂತು. ಡಾಕಪ್ಪ ಗಕ್ಕನೆ ಬ್ರೇಕ್ ಒತ್ತಿದ. ನಾಯಿ ಪಾರಾಯಿತು. ಒಳಗೆ ಬಳೆ ಮಾರುವ ಮುದುಕಿ ಅಮೀರಬಿ ಮುಗ್ಗರಿಸಿ ಬಿದ್ದಳು. ಸೀಟಿನ ಕಬ್ಬಿಣ ಬಡಿದು ಹುಬ್ಬು ಒಡೆಯಿತು. 'ಪದಕ ಹೋತು' ಎಂಬುದೇ ಡಾಕಪ್ಪನಿಗೆ ಮೊದಲು ಹೊಳೆದದ್ದು. ಆಮೇಲೆ ರಕ್ತ ಕಂಡು ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ಸುಮ್ನಿರು ಡಾಕಪ್ಪಣ್ಣ. ಇಳಿಯೂ ಮುಂದ ಜಾರಿ ಬಿದ್ಲಂತ ಹೇಳಿದ್ರಾತು," ಎಂದ ಕಂಡಕ್ಟರ್ ಫಕ್ಕೀರೇಶ.

ಸೆರಗಿನಿಂದ ಹುಬ್ಬು ಒತ್ತಿಕೊಂಡಿದ್ದ ಅಮೀರಬಿಯೂ, "ನಾ ಯಾರ ಮುಂದೂ ಹೇಳಂಗಿಲ್ಲ ಬೇಟಾ. ನಿನ್ನ ಇನಾಮು ನನ್ನ ಸಲುವಾಗಿ ಯಾಕ ಹೋಗಬೇಕು?" ಎಂದಳು.

ಆ ಮಾತೇ ಅವನನ್ನು ಹೆಚ್ಚು ಚುಚ್ಚಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಅವಳು ಅವನ ಕೈ ಬಿಗಿಹಿಡಿದಿದ್ದಳು. ಸಂಜೆ ಡಾಕಪ್ಪ ನೇರವಾಗಿ ಡಿಪೋ ಮ್ಯಾನೇಜರರ ಬಳಿ ಹೋಗಿ ನಡೆದದ್ದನ್ನು ಹೇಳಿದ.

"ಈ ವರ್ಷ ನಿನ್ನ ಹೆಸರು ತಗೀಬೇಕಾಕ್ಕೈತಿ," ಎಂದರು ಅವರು. "ಇನ್ನೊಮ್ಮೆ ವಿಚಾರ ಮಾಡಿ ಹೇಳ್ತೀಯೇನು?"

"ಇಲ್ರಿ ಸಾಹೇಬ್ರ," ಎಂದು ಡಾಕಪ್ಪ ಹೊರಬಂದ. ಅಸಲು ಭಯ ಮನೆಯಲ್ಲಿತ್ತು.

ವಿಷಯ ಕೇಳಿ ಉಡಚವ್ವ ಗೂಟದ ಮೇಲಿನ ಖಾಕಿ ಅಂಗಿ ತೆಗೆದು ಮಡಚತೊಡಗಿದಳು. ಬೈಯುತ್ತಾಳೆಂದು ಅವನು ಕಾದ.

"ಬ್ಯಾಡಗ್ಯವ್ರಿಗೆ ಏನ್ ಹೇಳ್ಲಿರಿ?"

"ಇದ್ದದ್ದ ಹೇಳು."

"ಹೇಳ್ತೇನಿ. ಆದ್ರ ನಮ್ಮ ಎರಡೂ ಮನ್ಯಾಗ ಯಾರನ್ನೂ ಯಾರೂ ಕರದು ಛಲೋ ಮಾಡೀ ಅಂದದ್ದಿಲ್ಲ. ಒಮ್ಮೆ ಕಣ್ಣಿಲೆ ನೋಡಬೇಕಂತಿದ್ದೆ." ಆಮೇಲೆ ಕೇಳಿದಳು: "ಆ ಅಜ್ಜಿ ಈಗ ಹೆಂಗದಾಳ?"

ಜನವರಿ ಇಪ್ಪತ್ತಾರರಂದು ಡಾಕಪ್ಪ ತಾನೇ ಕೇಳಿ ಡ್ಯೂಟಿ ಹಾಕಿಸಿಕೊಂಡ. ಮೊದಲಿನಂತೆ ಗುನುಗುತ್ತ ಓಡಿಸಿದ. ಬಸ್ಸು ಗುತ್ತಲವನ್ನು ಹೊತ್ತಿಗೆ ಸರಿಯಾಗಿ ಮುಟ್ಟಿತು. ಪದಕ ಪಡೆದವರ ಹೆಸರನ್ನು ಫಕ್ಕೀರೇಶ ಹೇಳಿದಾಗ ಮಾತ್ರ, "ಛಲೋ ಆತು," ಎಂದವನೇ, ಅವನತ್ತ ತಿರುಗದೆ ಎಂಜಿನ್ ಶುರು ಮಾಡಿದ.