ಶಶಿಕಲಾ ಬಿ.ಎ., ಹಿಂದಿನ ಮನೆ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹಳೇ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಎತ್ತಿದೆ.

"ಶಶಿಕಲಾ ಬಿ.ಎ. ಅವ್ರ ಮನೇನಾ?" ಗಂಡಸಿನ ದನಿ.

ನಾನು "ಒಂದ್ನಿಮಿಷ" ಅನ್ನುವಷ್ಟರಲ್ಲಿ ಅಮ್ಮ ರಿಸೀವರ್ ಕಿತ್ತುಕೊಂಡರು. "ಅಂಥೋರ್ಯಾರೂ ಇಲ್ಲಿಲ್ಲ ಕಣ್ರೀ. ರಾಂಗ್ ನಂಬರ್!" ಟಪ್ಪನೆ ಇಟ್ಟರು. ಅಮ್ಮನಿಗೆ ಈಗ ಎಪ್ಪತ್ತೆರಡು. ಆ ದನಿ ಮಾತ್ರ ಇಪ್ಪತ್ತೈದು ವರ್ಷದ ಹಿಂದಿನದ್ದೇ.

ಶಶಿ ಯಾರು ಅಂತ ಹೇಳಬೇಕು. (ಹೆಸರು, ಬಡಾವಣೆ, ಕಸುಬು ಎಲ್ಲ ಬದಲಿಸಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಈ ಬುದ್ಧಿ ಯಾಕೆ ಬಂತು ಅನ್ನುವುದೇ ಇವತ್ತಿನ ಕತೆ.) ತೊಂಬತ್ತರ ದಶಕದಲ್ಲಿ, ಹೊಡೆಯುವ ಗಂಡನನ್ನು ಬಿಟ್ಟು ಒಂದು ಚೀಲ ಹಿಡಿದು ಬಂದವಳು. ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಹಿಂದಿನ ಎರಡು ಕೋಣೆಗೆ ಬಾಡಿಗೆಗೆ ಸೇರಿದಳು. ಬ್ಲೌಸ್ ಹೊಲಿಯುತ್ತಾಳೆ. ಈಗಲೂ ಅಲ್ಲೇ ಇದ್ದಾಳೆ. ಗಂಡನಿಗೆ ಅವಳ ವಿಳಾಸ ಇವತ್ತಿಗೂ ಗೊತ್ತಿಲ್ಲ.

ಆಗ ಇಡೀ ಬೀದಿಗೆ ನಮ್ಮದೊಂದೇ ಫೋನ್. ನೆನಪಿದೆಯಾ ನಿಮಗೆ, ನಂಬರಿನ ಪಕ್ಕ ಬ್ರಾಕೆಟ್ಟಿನಲ್ಲಿ ಪಿ.ಪಿ. ಅಂತ ಹಾಕುತ್ತಿದ್ದದ್ದು? ಇದು ಪಕ್ಕದ ಮನೆಯ ಫೋನು, ಕೇಳಿದರೆ ಕರೆದುಕೊಡುತ್ತಾರೆ ಅಂತ ಅರ್ಥ. ಬೀದಿಯ ಲಗ್ನಪತ್ರಿಕೆಗಳಲ್ಲೆಲ್ಲ ನಮ್ಮದೇ ನಂಬರು. ಅಮ್ಮ ಒಗ್ಗರಣೆ ಬಿಟ್ಟು ಹಿತ್ತಲ ಬಾಗಿಲಿಗೆ ಓಡಿ, "ಶಶೀ, ನಿಮ್ಮಣ್ಣ ಫೋನ್ ಮಾಡವ್ರೆ, ಬಾರೇ!" ಅಂತ ಕೂಗುತ್ತಿದ್ದರು. ಶಶಿ ಆ ನಂಬರನ್ನು ಅಣ್ಣನೊಬ್ಬನಿಗೆ ಮಾತ್ರ ಕೊಟ್ಟಿದ್ದಳು. ಬೇರೆ ಯಾವ ಗಂಡಸು ಅವಳನ್ನು ಕೇಳಿದರೂ ಅಮ್ಮನದು ಒಂದೇ ಉತ್ತರ, ರಾಂಗ್ ನಂಬರ್. ಎಷ್ಟು ಚೆಂದದ ಕಾಲ! ವಿಳಾಸ ಬೇಕಾದವನು ಮೊದಲು ನಮ್ಮಮ್ಮನನ್ನು ದಾಟಬೇಕಿತ್ತು.

ಹಾಗಾದರೆ ಅವಳ ಹೆಸರು, ನಮ್ಮ ನಂಬರು ಈಗ ಹೊರಗೆ ಹೋಗಿದ್ದು ಹೇಗೆ?

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಹೆಸರು ಹೊಡೆದರೆ ವಿಳಾಸ, ಫೋನು ತೋರಿಸುವ ವೆಬ್‌ಸೈಟ್ ಒಂದರಲ್ಲಿ ಸಿಕ್ಕಿತು. "ಮಿಸ್ ಶಶಿಕಲಾ, ಬಿ.ಎ., ಹಿಂದಿನ ಮನೆ." ಕೆಳಗೆ ನಮ್ಮ ವಿಳಾಸ, ನಮ್ಮ ನಂಬರ್. ಶಶಿ ಓದಿದ್ದು ಎಸ್ಸೆಸ್ಸೆಲ್ಸಿ. ಅವಳಿಗೆ ಬಿ.ಎ. ಕೊಟ್ಟವಳು ಈ ಪ್ರಪಂಚದಲ್ಲಿ ಒಬ್ಬಳೇ.

ನಾನು.

ದಸರಾ ವಸ್ತುಪ್ರದರ್ಶನ. ಕೈಯಲ್ಲಿ ಮೊರದಗಲ ಹಪ್ಪಳ, ಮೂಗಿನ ತುಂಬ ಧೂಳು. ಒಂದು ಸ್ಟಾಲಿನಲ್ಲಿ ಲಕ್ಕಿ ಡ್ರಾ, ಮೊದಲ ಬಹುಮಾನ ಮಿಕ್ಸಿ, ಒಬ್ಬರಿಗೆ ಒಂದೇ ಕೂಪನ್. ಆಗ ಕಾಲೇಜು ಹುಡುಗಿ ನಾನು, ಅಷ್ಟಕ್ಕೆ ಸುಮ್ಮನಿರುತ್ತೇನೆಯೇ? ಅಪ್ಪ, ಅಮ್ಮ, ಅಜ್ಜಿ, (ತೀರಿಹೋಗಿದ್ದ) ತಾತ, ಎಲ್ಲರ ಹೆಸರಲ್ಲೂ ತುಂಬಿ ಡಬ್ಬಿಗೆ ಹಾಕಿದೆ. ಶಶಿಯ ಹೆಸರಲ್ಲೂ. ವಿದ್ಯಾರ್ಹತೆ ಅಂತ ಒಂದು ಕಾಲಂ ಇತ್ತು. ಪ್ರೀತಿಗೆ ಬಿ.ಎ. ಅಂತ ಬರೆದೆ. ಮಿಕ್ಸಿ ಬರಲಿಲ್ಲ. ಕೂಪನ್ ಮಾತ್ರ ಯಾರ್ಯಾರ ಕೈ ದಾಟಿ ಕಂಪ್ಯೂಟರ್ ಸೇರಿತೋ!

ಫೋನ್ ಮಾಡಿದವನು ಕ್ರೆಡಿಟ್ ಕಾರ್ಡ್ ಮಾರುವವನು (ಮಾರನೇ ದಿನ ಮತ್ತೆ ಮಾಡಿದ್ದ). ಮುಂದಿನ ಸಲ ಯಾರೋ?

ತೆಗೆಸೋಣ ಅಂತ ಹೊರಟರೆ ಒಂದು ಫಾರಂ ಬಂತು. ಪೂರ್ತಿ ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್, ಗುರುತಿನ ಚೀಟಿಯ ಸ್ಕ್ಯಾನ್. ವಿಳಾಸ ಅಳಿಸಬೇಕಾದರೆ ಅಲ್ಲೇ ಇದ್ದೇನೆ ಅಂತ ರುಜುವಾತು ಕೊಡಬೇಕಂತೆ! ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. "ಸಂಬಂಧಪಟ್ಟೋರೇ ರಿಕ್ವೆಸ್ಟ್ ಕಳಿಸ್ಬೇಕು ಮೇಡಂ," ಅಂದಳು ಅಲ್ಲಿನ ಹುಡುಗಿ.

ಹೇಳದೆ ವಿಧಿಯಿಲ್ಲ. ಹಿತ್ತಲಿಗೆ ಹೋಗಿ ಶಶಿಯ ಮುಂದೆ ಎಲ್ಲ ಒಪ್ಪಿಕೊಂಡೆ. ಹೊಲಿಗೆ ಮೆಶಿನ್ ನಿಂತಿತು. ಬೈಯಲಿ ಅಂತ ಕಾದೆ.

"ಬಿ.ಎ. ಅಂತ ಬರ್ದ್ಬುಟ್ಟಿದ್ಯಾ?" ಅಂದು ನಕ್ಕಳು. ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಮೊದ್ಲು ವಿಳಾಸ ತೆಗ್ಸು ಕಣಮ್ಮ. ಬಿ.ಎ. ಬೇಕಾದ್ರೆ ಇರ್ಲಿ ಬುಡು."

ಅವತ್ತಿನಿಂದ ಅವಳ ಬಾಗಿಲಿಗೆ ಹಗಲಲ್ಲೂ ಚಿಲಕ. ಇಷ್ಟು ವರ್ಷ ತೆರೆದೇ ಇರುತ್ತಿದ್ದ ಬಾಗಿಲು ಅದು. ತಟ್ಟಿದರೆ "ಯಾರು?" ಅನ್ನುತ್ತಾಳೆ. ನನಗೆ ನಾಚಿಕೆಯಾಗುತ್ತದೆ.

ನಿನ್ನೆ ಇಬ್ಬರೂ ಕೂತು ಫಾರಂ ತುಂಬಿದೆವು. ಕೊನೆಯ ಕಾಲಂ, "ತೆಗೆಸಲು ಕಾರಣ." ಏನು ಬರೆಯಲಿ ಅಂತ ಕೇಳಿದೆ.

"ಹಾಕೋವಾಗ ನನ್ನ ಕೇಳ್ಲಿಲ್ಲ ಅಂತ ಬರಿ."

ಹಾಗೇ ಟೈಪ್ ಮಾಡಿದೆ. ಅವಳು ಹೇಳಿದ್ದು ವೆಬ್‌ಸೈಟಿಗಾ, ನನಗಾ?