ಜಿಗಣಿಗೆ ಹೋದ ಜಾವಾ

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಲಗ್ಗೆರೆಯ ನಮ್ಮ ಮನೆಯಿಂದ ಜಿಗಣಿಗೆ ಹೊರಟೆವು. ಎರಡು ಗಾಡಿ, ಇಬ್ಬರು ಸವಾರರು. ಒಂದು ನನ್ನ ಸ್ಕೂಟರು, ಅದರ ಮೇಲೆ ನಾನು. ಇನ್ನೊಂದು ಮೆರೂನ್ ಬಣ್ಣದ ಜಾವಾ ಬೈಕು, ಅದರ ಮೇಲೆ ನಾಗರಾಜ. ಆ ಜಾವಾ ಒಂದು ಕಾಲಕ್ಕೆ ನನ್ನದಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ದಿನ ನಾನು ಕಂಡ ಊರು, ಕುಡಿದ ಕಾಫಿ, ಮಾತಾಡಿಸಿದ ಜನ ಎಲ್ಲದರ ಮೇಲೂ ಅದರ ಹೊಗೆ ಕೂತಿತ್ತು.

ನಾಗರಾಜ ಪೀಣ್ಯದ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವವನು. ಅವನು ಮಿಲ್ಲಿಂಗ್ ಮೆಷಿನ್ನಿಗೆ, ನಾನು ಪಕ್ಕದ ಲೇತಿಗೆ. ನನಗೆ ಮದುವೆಯಾಗಿ ಮಗು ಹುಟ್ಟಿದ ವರ್ಷ, ನಮ್ಮ ಮಾವ ಯಾವ ಕಾಲದಲ್ಲೋ ಬುಕ್ ಮಾಡಿಸಿದ್ದ ಸ್ಕೂಟರಿನ ಸರದಿ ಬಂತು. ಮುಂದೆ ಮಗು ನಿಲ್ಲುತ್ತದೆ, ಹಿಂದೆ ಹೆಂಡತಿ ಸೀರೆಯುಟ್ಟು ಆರಾಮಾಗಿ ಕೂರುತ್ತಾಳೆ, ಜೊತೆಗೆ ಸ್ಟೆಪ್ನಿ ಬೇರೆ ಇದೆ ಎಂದು ಎಲ್ಲರೂ ಸೇರಿ ನನಗೆ ಬುದ್ಧಿ ಹೇಳಿದರು. ಜಾವಾ ಮಾರಿದೆ. ಗುರುತಿಲ್ಲದವರಿಗೆ ಮಾರಿದ್ದರೆ ಒಂದೆರಡು ದಿನ ಊಟ ಬಿಟ್ಟು ಸುಮ್ಮನಾಗುತ್ತಿದ್ದೆನೋ ಏನೋ. ನಾಗರಾಜನಿಗೆ ಮಾರಿದೆ. ಆಮೇಲೆ ಆರು ವರ್ಷ ದಿನಾ ಬೆಳಿಗ್ಗೆ ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನಲ್ಲಿ ಅದನ್ನು ನೋಡಬೇಕಾಯಿತು. ಶಿಫ್ಟ್ ಮುಗಿದು ಅವನು ಒಂದೇ ಕಿಕ್ಕಿಗೆ ಅದನ್ನು ಎಬ್ಬಿಸಿದಾಗ ನನಗೆ ಹೊಟ್ಟೆಯೊಳಗೆ ಯಾರೋ ಒಲೆ ಊದಿದ ಹಾಗಾಗುತ್ತಿತ್ತು. ಸುಳ್ಳು ಏಕೆ ಹೇಳಲಿ, ಬರೀ ಹೊಟ್ಟೆಕಿಚ್ಚು.

ಈಗ ನಾಗರಾಜ ಹೊಸದಾಗಿ ಬಂದಿರುವ ನೂರು ಸಿ.ಸಿ. ಗಾಡಿಗೆ ದುಡ್ಡು ಕಟ್ಟಿದ್ದಾನೆಂದು ಸ್ಟ್ಯಾಂಡಿನಲ್ಲಿ ಸುದ್ದಿಯಾಗಿತ್ತು. ಹಾಗಾದರೆ ಜಾವಾ ಬಿಡುತ್ತಾನೆ. ಬಿಟ್ಟರೆ ನನಗೇ ಬಿಡಬೇಕು. ಅದನ್ನು ಕೇಳುವುದು ಹೇಗೆ ಎಂದು ನಾನು ವಾರದಿಂದ ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಶನಿವಾರ ಅವನೇ ಬಂದು, ಜಿಗಣಿಯಲ್ಲಿರುವ ತನ್ನ ಭಾಮೈದ ಮುನಿರಾಜುವಿನ ಮನೆಗೆ ಹೋಗಬೇಕು, ನೀನೂ ಬಾ, ಸ್ಕೂಟರಿನಲ್ಲೇ ಬಾ ಎಂದ. ಒಂದೇ ಗಾಡಿಯಲ್ಲಿ ಹೋದರೆ ಪೆಟ್ರೋಲ್ ಉಳಿಯುವುದಿಲ್ಲವೇ ಎಂದು ನನ್ನ ಹೆಂಡತಿ ಸರೋಜ ಕೇಳಿದಳು. ನನ್ನ ಗಾಡಿಯಲ್ಲಿ ನಾನೇ ಹಿಂದೆ ಕೂತು ಹೋಗುವಷ್ಟು ಗತಿಗೆಟ್ಟಿಲ್ಲ ಎಂದೆ. ನನ್ನ ಗಾಡಿ ಯಾವುದು ಎಂದು ಅವಳು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು.

ಚಳಿ ಇನ್ನೂ ಬಿಟ್ಟಿರಲಿಲ್ಲ. ತುಮಕೂರು ರಸ್ತೆಯಲ್ಲಿ ಭಾನುವಾರವಾದರೂ ಲಾರಿಗಳ ಸಾಲು. ಯಶವಂತಪುರದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆವು. ಎರಡೂ ಗಾಡಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿ ಹಾಕಬೇಕು, ಆ ಮಟ್ಟಿಗೆ ಎರಡೂ ಒಂದೇ ಜಾತಿ. ಬಂಕಿನವನು ಜಾವಾದ ಟ್ಯಾಂಕಿನ ಮೇಲೆ ಚೆಲ್ಲಿದ ಒಂದು ಹನಿಯನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸಿದ. ಸಕ್ಕತ್ತಾಗಿ ಇಟ್ಟಿದೀರ ಸಾರ್ ಎಂದು ನಾಗರಾಜನನ್ನು ಹೊಗಳಿದ. ನನ್ನ ಸ್ಕೂಟರಿನ ಮೇಲೂ ಚೆಲ್ಲಿತ್ತು. ಅದನ್ನು ನಾನೇ ಒರೆಸಿಕೊಂಡೆ.

ಊರೊಳಗೆ ಹಾದು ಹೊಸೂರು ರಸ್ತೆ ಹಿಡಿದೆವು. ದಾರಿಯುದ್ದಕ್ಕೂ ಅವನು ಮುಂದೆ, ನಾನು ಹಿಂದೆ. ಸ್ವಂತ ಗಾಡಿಯನ್ನು ಯಾರೂ ಹಿಂದಿನಿಂದ ನೋಡಿರುವುದಿಲ್ಲ, ಮೇಲೆ ಕೂತಿರುತ್ತೇವಲ್ಲ. ಅದು ಹಿಂದಿನಿಂದ ಅಷ್ಟು ಚೆನ್ನಾಗಿ ಕಾಣುತ್ತದೆಂದು ನನಗೆ ಗೊತ್ತಾದದ್ದೇ ಮಾರಿದ ಮೇಲೆ. ಎರಡು ಸೈಲೆನ್ಸರುಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ನನ್ನ ಕಾಲದಲ್ಲಿ ಅವು ಅಷ್ಟು ಹೊಳೆಯುತ್ತಿರಲಿಲ್ಲ ಎಂಬುದು ಇನ್ನೊಂದು ಉರಿ.

ಮಡಿವಾಳದ ಹತ್ತಿರ ಸಿಗ್ನಲ್ಲಿನಲ್ಲಿ ಪಕ್ಕಪಕ್ಕ ನಿಂತೆವು. ಹೊರಡುವಾಗ ನಾಗರಾಜ ನನ್ನ ಎಡಗಾಲು ನೋಡಿ ನಕ್ಕ. ಇದು ನನ್ನ ಹಳೆಯ ರೋಗ. ಜಾವಾದಲ್ಲಿ ಗೇರು ಎಡಗಾಲಿನದು, ಸ್ಕೂಟರಿನಲ್ಲಿ ಎಡಗೈಯದು. ಕೈಯಲ್ಲಿ ಗೇರು ತಿರುಗಿಸುವಾಗಲೆಲ್ಲ ನನ್ನ ಎಡಗಾಲು ಕೆಳಗೆ ಇಲ್ಲದ ಗೇರನ್ನು ತುಳಿಯುತ್ತದೆ. ಸ್ಕೂಟರಿನ ರಬ್ಬರ್ ಹಾಸು ಆ ಜಾಗದಲ್ಲಿ ಮಾತ್ರ ಸವೆದು ತಗಡು ಕಾಣುತ್ತದೆ.

“ಏನ್ ಗುರು, ಇರುವೆ ತುಳೀತಿದೀಯಾ? ಆರು ವರ್ಷ ಆಯ್ತು ಕಣೋ,” ಎಂದು ಅವನು ಹೊರಟೇಹೋದ.

ಅಲ್ಲೇ ಮುಂದೆ ಒಂದು ಹೋಟೆಲಿನಲ್ಲಿ ಇಡ್ಲಿ ವಡೆ ತಿಂದು ಕಾಫಿ ಕುಡಿದೆವು. ಚಟ್ನಿ ನೀರಾಗಿತ್ತು, ಕಾಫಿ ಚೆನ್ನಾಗಿತ್ತು. ಕ್ಯಾಷಿನಲ್ಲಿ ಕೂತಿದ್ದವರು ಹಳೆಯ ಬುಲೆಟ್ ಸವಾರರು. ಹೊರಗೆ ನಿಂತಿದ್ದ ಜಾವಾ ನೋಡಿ ಮಾತಿಗೆ ಬಂದರು. ತಮ್ಮ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಒಂದು ಸಲ ಸ್ನೇಹಿತನ ಜಾವಾ ಹತ್ತಿ ಬ್ರೇಕೆಂದು ಗೇರು ತುಳಿದು ಎಮ್ಮೆಗಳ ನಡುವೆ ನುಗ್ಗಿದ್ದೆ ಎಂದು ಹೇಳಿ ನಗಿಸಿದರು. ಅದಕ್ಕೆ ನಾಗರಾಜ ನಂದಿಬೆಟ್ಟದ ಕಥೆ ಬಿಚ್ಚಿದ. ಇದೇ ಗಾಡಿಯಲ್ಲಿ ಮೂರು ಜನ ಹತ್ತಿದ್ದು, ಮಂಜಿನಲ್ಲಿ ಇಳಿಯುವಾಗ ಕ್ಲಚ್ ಕೇಬಲ್ ಕಿತ್ತುಹೋದದ್ದು, ಕೇಬಲ್ ಇಲ್ಲದೆ ಬರೀ ಕಾಲಿನಲ್ಲೇ ಗೇರು ಬದಲಿಸಿಕೊಂಡು ಬೆಟ್ಟದ ಬುಡದವರೆಗೆ ಬಂದದ್ದು. ಜಾವಾದಲ್ಲಿ ಹಾಗೆ ಮಾಡಬಹುದು. ಮಾಡಿದವನು ನಾನು! ನಾಗರಾಜ ಮೂರನೆಯವನಾಗಿ ಸೀಟಿನ ತುದಿಯಲ್ಲಿ ಕಣ್ಣು ಮುಚ್ಚಿಕೊಂಡು ದೇವರ ನಾಮ ಹೇಳುತ್ತಿದ್ದ. ಗಾಡಿಯ ಜೊತೆ ನನ್ನ ನೆನಪುಗಳನ್ನೂ ಬರೆದುಕೊಟ್ಟಿದ್ದೆನೇ ಎಂದು ಕೇಳುವುದು ನಾಲಗೆಯ ತುದಿಗೆ ಬಂತು. ಕೇಳಲಿಲ್ಲ. ಗಾಡಿ ಬೇಕಾದವನು ಜಗಳ ಆಡಬಾರದು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಸಿಂಗಸಂದ್ರ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಎಲೆಕ್ಟ್ರಾನಿಕ್ ಸಿಟಿ ಎಂಬ ಬೋರ್ಡು ಆಗಲೇ ಇತ್ತು, ಸಿಟಿ ಮಾತ್ರ ಇನ್ನೂ ಬಂದಿರಲಿಲ್ಲ. ಅಲ್ಲೊಂದು ಇಲ್ಲೊಂದು ಕಾರ್ಖಾನೆಯ ಶೆಡ್ಡು, ನಡುವೆ ನೀಲಗಿರಿ ಮರ, ರಾಗಿ ಕೊಯ್ದ ಹೊಲ. ರಸ್ತೆಗಳು ಮಾತ್ರ ಅಗಲವಾಗಿ, ನೆಟ್ಟಗೆ, ಯಾರಿಗೋ ಕಾಯುತ್ತಿರುವ ಹಾಗೆ ಬಿದ್ದಿದ್ದವು. ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ನಾಗರಾಜ ಇಳಿದ. ನಾನು ಏನೂ ಕೇಳದೆಯೇ ನನಗೆ ಜಾವಾ ಕೊಟ್ಟು, ಒಂದು ರೌಂಡ್ ಹಾಕಿಕೊಂಡು ಬಾ ಎಂದ. ಆರು ವರ್ಷದಲ್ಲಿ ಅವನು ಒಂದು ದಿನವೂ ಹಾಗೆ ಕೊಟ್ಟವನಲ್ಲ, ನಾನೂ ಕೇಳಿದವನಲ್ಲ.

ಹತ್ತಿದೆ. ಅದರ ಕಿಕ್ಕೂ ಗೇರೂ ಒಂದೇ ಕಡ್ಡಿ. ಒಳಕ್ಕೆ ಒತ್ತಿ ಹಿಂದಕ್ಕೆ ಎತ್ತಿದರೆ ಕಿಕ್ಕು, ಮುಂದಕ್ಕೆ ಬಿಟ್ಟರೆ ಗೇರು. ಗೊತ್ತಿಲ್ಲದವರು ಅದರ ಮುಂದೆ ಪೇಚಾಡುತ್ತಾರೆ. ನನ್ನ ಕಾಲು ಪೇಚಾಡಲಿಲ್ಲ. ಆ ಖಾಲಿ ರಸ್ತೆಗಳಲ್ಲಿ ಒಂದು ರೌಂಡಲ್ಲ, ಎಷ್ಟು ಹಾಕಿದೆನೋ ಲೆಕ್ಕ ಇಡಲಿಲ್ಲ. ಟ್ಯಾಂಕಿನ ಎಡಕ್ಕೆ ನಾನು ಬೀಳಿಸಿ ಮಾಡಿದ್ದ ತಗ್ಗು ಹಾಗೇ ಇತ್ತು, ಮೊಣಕಾಲು ಅದರಲ್ಲಿ ಸರಿಯಾಗಿ ಕೂತಿತು. ಖುಷಿಗೆ ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂತು ಎಂದು ಯಾರಾದರೂ ಬರೆದಾರು, ನಾನು ಬರೆಯುವುದಿಲ್ಲ.

ವಾಪಸು ಬಂದು, ಹೊಸ ಗಾಡಿ ಬಂದ ಮೇಲೆ ಇದನ್ನು ಏನು ಮಾಡುತ್ತೀಯ ಎಂದು ಕೇಳಿಯೇಬಿಟ್ಟೆ. ನಾಗರಾಜ ನನ್ನ ಮುಖ ನೋಡಲಿಲ್ಲ. ಹೊತ್ತಾಯಿತು, ಊಟ ಆದ ಮೇಲೆ ಮಾತಾಡೋಣ ಎಂದ. ಇಲ್ಲ ಎನ್ನಲಿಲ್ಲವಲ್ಲ ಎಂದು ನಾನು ಹಿಗ್ಗಿದೆ.

ಬೊಮ್ಮಸಂದ್ರದ ಬಳಿ ಬಲಕ್ಕೆ ತಿರುಗಿದ ಮೇಲೆ ರಸ್ತೆಯ ತುಂಬ ಹುರುಳಿ ಹರಡಿದ್ದರು. ಆ ಕಡೆಯ ರೈತರು ಕಣ ಮಾಡುವ ಗೋಜಿಗೆ ಹೋಗದೆ ಬಳ್ಳಿಯನ್ನು ಟಾರಿನ ಮೇಲೆ ಹಾಸಿಬಿಡುತ್ತಾರೆ, ಹೋಗಿಬರುವ ಗಾಡಿಗಳೇ ಒಕ್ಕಿಕೊಡುತ್ತವೆ. ಜಾವಾ ಅದರ ಮೇಲೆ ಸರಸರ ಹೋಯಿತು. ನನ್ನ ಸ್ಕೂಟರಿನ ಪುಟ್ಟ ಚಕ್ರಕ್ಕೆ ಬಳ್ಳಿ ಸುತ್ತಿಕೊಂಡು ನಿಂತಿತು. ಮೊರ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು ಬಂದು ನನ್ನ ಜೊತೆ ಬಳ್ಳಿ ಕಿತ್ತಳು. ಮುಂದೆ ಹೋದ ಗಾಡಿ ನೋಡಿ, “ಅದು ಚೆನ್ನಾಗೈತೆ ಕಣಪ್ಪ, ಅಂಗಿರೋದ್ ತಗಳಬಾರ್ದಾಗಿತ್ತಾ?” ಎಂದಳು. ತಗೊಂಡಿದ್ದೆ ಅಜ್ಜಿ ಎಂದೆ.

ಜಿಗಣಿಯಲ್ಲಿ ಮುನಿರಾಜುವಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ನಾಗರಾಜನ ಗಾಡಿ ಬಾಗಿಲಲ್ಲೇ ನಿಂತಿತ್ತು. ಅವರ ಜಮೀನು ಅರ್ಧ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿತ್ತು, ಇನ್ನರ್ಧದಲ್ಲಿ ಅವರೆ ಬೆಳೆದಿತ್ತು. ಮುನಿರಾಜು ಇಪ್ಪತ್ತೈದರ ಆಸುಪಾಸಿನ ಸಾಧು ಮನುಷ್ಯ, ಹೊಸ ಅಂಗಿ ಹಾಕಿಕೊಂಡಿದ್ದ. ಮುದ್ದೆ, ಹಿತಕಿದವರೆ ಸಾರು ಬಡಿಸಿದರು. ಅಂಥ ಸಾರು ನಾನು ಆಮೇಲೆ ಉಂಡಿಲ್ಲ. ಊಟ ಆದ ಮೇಲೆ ಮಾತು ಎಂದಿದ್ದನಲ್ಲ, ನಾನು ಎಲೆ ಅಡಿಕೆ ಹಾಕಿಕೊಂಡು ಕಾದೆ. ಅಷ್ಟರಲ್ಲಿ ಮುನಿರಾಜುವಿನ ತಾಯಿ ತಟ್ಟೆಯೊಂದನ್ನು ಹಿಡಿದು ಬಾಗಿಲಿಗೆ ಹೋದರು. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಸೇವಂತಿಗೆ ಹಾರ, ಎರಡು ನಿಂಬೆಹಣ್ಣು.

ನಿಂಬೆಹಣ್ಣು ನೋಡಿದ ಮೇಲೆ ನನಗೆ ಬೇರೆ ಮಾತು ಬೇಕಾಗಲಿಲ್ಲ. ಹಬ್ಬವಲ್ಲದ ದಿನ ಮನೆಗೆ ಬಂದ ಹೊಸ ಗಾಡಿಗೆ ಮಾತ್ರ ಆ ಪೂಜೆ. ಸ್ಕೂಟರಿನಲ್ಲೇ ಬಾ ಎಂದು ನಾಗರಾಜ ಹೇಳಿದ್ದೂ ಆಗ ಅರ್ಥವಾಯಿತು, ಅವನಿಗೆ ವಾಪಸು ಹೋಗಲು ಒಂದು ಹಿಂದಿನ ಸೀಟು ಬೇಕಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನಗೆ ತುತ್ತು ಇನ್ನೊಬ್ಬರ ಎಲೆಯಲ್ಲೇ ಇತ್ತು, ಸುಮ್ಮನೆ ಬಾಯಿ ತೆರೆದಿದ್ದೆ.

ತಾಯಿ ಹೆಡ್‌ಲೈಟಿಗೆ ಕುಂಕುಮ ಇಟ್ಟರು. ಮುನಿರಾಜು ಗಾಡಿ ಹತ್ತಿ ಕಿಕ್ ಮಾಡಿದ, ಅದು ಏಳಲಿಲ್ಲ. ಪೆಟ್ರೋಲ್ ಹೆಚ್ಚು ಇಳಿಸುವ ಕಾರ್ಬುರೇಟರಿನ ಗುಂಡಿ ಒತ್ತಲು ಬಗ್ಗಿದ.

“ಬಿಸಿ ಇದ್ದಾಗ ಅದನ್ನ ಒತ್ಬೇಡ.”

ಈ ಮಾತು ನಾನೂ ನಾಗರಾಜನೂ ಒಟ್ಟಿಗೇ ಹೇಳಿದೆವು. ಮುನಿರಾಜು ಇಬ್ಬರ ಮುಖವನ್ನೂ ನೋಡಿ, ಇದು ನಿಜವಾಗಿ ಯಾರ ಗಾಡಿ ಭಾವ ಎಂದು ಕೇಳಿದ. ನಿನ್ನದು ಎಂದು ನಾಗರಾಜ ಹೇಳಿದ. ಎರಡನೇ ಕಿಕ್ಕಿಗೆ ಅದು ಎದ್ದಿತು, ನಿಂಬೆಹಣ್ಣು ತುಳಿಯಿತು, ಕೆರೆಯ ಏರಿಯ ಕಡೆಗೆ ಹೋಯಿತು. ಹೊಗೆ ಕರಗಿದ ಮೇಲೂ ಸದ್ದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ವಾಪಸು ಹೊರಟೆವು. ನಾಗರಾಜ ನನ್ನ ಹಿಂದೆ ಕೂತ. ಹೆಬ್ಬಗೋಡಿ ಬಂತು. ಅಲ್ಲಿ ಟೀ ಅಂಗಡಿಯಲ್ಲಿ ನಿಲ್ಲಿಸಿ, ನನ್ನನ್ನು ಒಂದು ಮಾತು ಕೇಳಬಹುದಿತ್ತು, ಮುನಿರಾಜು ಕೊಟ್ಟಷ್ಟನ್ನೇ ನಾನೂ ಕೊಡುತ್ತಿದ್ದೆ ಎಂದೆ. ನಾಗರಾಜ ಟೀ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ನಿಂಗೆ ಕೊಟ್ಟಿದ್ರೆ ದಿನಾ ಸ್ಟ್ಯಾಂಡಲ್ಲಿ ನನ್ನ ಕಣ್ಮುಂದೇನೇ ನಿಂತಿರ್ತಿತ್ತು ಕಣೋ. ನನ್ ಕೈಲಿ ನೋಡೋಕಾಗಲ್ಲ,” ಎಂದ. ಆಮೇಲೆ ಗ್ಲಾಸು ಕೆಳಗಿಟ್ಟು, “ಆರು ವರ್ಷ ಅದ್ ಹೆಂಗ್ ನೋಡ್ದೆ ನೀನು?” ಎಂದ.

ಹೇಗೆ ನೋಡಿದೆ ಎಂದು ಹೇಳಲು ಹೋದರೆ ಆ ಅಂಗಡಿಯಲ್ಲೇ ಕತ್ತಲಾಗುತ್ತಿತ್ತು. ನೋಡಿದೆ, ಅಷ್ಟೇ ಎಂದೆ. ಟೀ ದುಡ್ಡು ಅವನು ಕೊಟ್ಟ.

ಮತ್ತೆ ಹೊಸೂರು ರಸ್ತೆ. ಬೆಳಿಗ್ಗೆ ರೌಂಡ್ ಹಾಕಿದ ಆ ಖಾಲಿ ರಸ್ತೆಗಳ ಪಕ್ಕ ಹಾಯುವಾಗ ಇಬ್ಬರೂ ಆ ಕಡೆ ನೋಡಲಿಲ್ಲ. ಮಡಿವಾಳದ ಸಿಗ್ನಲ್ಲು ಬಂತು, ನಿಲ್ಲಿಸಿದೆ. ದಾರಿ ಬಿಟ್ಟ ಮೇಲೆ ಎಡಗೈಯಲ್ಲಿ ಗೇರು ತಿರುಗಿಸಿದೆ. ನನ್ನ ಎಡಗಾಲು ಎಂದಿನಂತೆ ತುಳಿಯಿತು. ಅದೇ ಗಳಿಗೆಗೆ ನನ್ನ ಹಿಮ್ಮಡಿಯ ಹಿಂದೆ ಇನ್ನೊಂದು ಬೂಟು ತಗಡನ್ನು ಟಕ್ಕೆಂದು ತುಳಿಯಿತು. ಮುಂದಿನ ಗೇರಿಗೆ ಬೇಕೆಂದೇ ಕಾದು ಕೇಳಿಸಿಕೊಂಡೆ. ಮತ್ತೆ ಟಕ್ಕೆಂದಿತು. ಆರು ವರ್ಷ ಜಾವಾ ಓಡಿಸಿದ ನಾಗರಾಜನ ಕಾಲು ಅದು, ಅವನಿಗೇ ಗೊತ್ತಿಲ್ಲದೆ ತುಳಿಯುತ್ತಿತ್ತು.

ಇರುವೆ ತುಳೀತಿದೀಯಾ ಎಂದು ಕೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಬೆಳಿಗ್ಗೆಯಿಂದ ಆ ಮಾತನ್ನು ಬಡ್ಡಿ ಸಮೇತ ತೀರಿಸಲು ಕಾದಿದ್ದೆ. ಆದರೆ ಜಿಗಣಿಯ ಕೆರೆ ಏರಿಯ ಮೇಲೆ ಆ ಹೊತ್ತಿನಲ್ಲಿ ಮುನಿರಾಜು ಯಾವ ಗೇರಿನಲ್ಲಿ ಹೋಗುತ್ತಿದ್ದಾನೋ ಎಂದು ಯೋಚಿಸುತ್ತಿದ್ದೆ, ನಾಗರಾಜನೂ ಅದನ್ನೇ ಯೋಚಿಸುತ್ತಿದ್ದ ಎಂದು ಕಾಣುತ್ತದೆ. ಲಗ್ಗೆರೆ ಬರುವವರೆಗೂ ನಾನು ಗೇರು ಬದಲಿಸುತ್ತಲೇ ಹೋದೆ. ಪ್ರತಿ ಸಲವೂ ಎರಡು ಕಾಲು ತುಳಿದವು.